ಬೇಸಿಗೆ ಶಿಬಿರಕ್ಕೆ ಜಿಮ್ನಾಸ್ಟಿಕ್ಸ್ ಕೋಚ್ ಆಗಿ ಹೋಗುತ್ತಿದ್ದೇನೆ, ಏನು ಕಲಿತುಕೊಂಡು ಹೋಗಲಿ?

ಮೊದಲ ಬೇಸಿಗೆ:
ಎಲ್ಲರಿಗೂ ನಮಸ್ಕಾರ. ಎಂಟನೇ ವಯಸ್ಸಿನಿಂದ ಹತ್ತು ವರ್ಷ ಜಿಮ್ನಾಸ್ಟಿಕ್ಸ್ ಮಾಡಿದ್ದೇನೆ. ಕಣಕಾಲಿನ ನೋವು ಜಾಸ್ತಿಯಾಗಿ ಸ್ಪರ್ಧೆ ಬಿಟ್ಟೆ. ಜಿಮ್ ಬಿಡಲು ಮಾತ್ರ ಮನಸ್ಸಾಗಲಿಲ್ಲ. ಈ ಬೇಸಿಗೆಗೆ ಆರು ವಾರದ ಶಿಬಿರವೊಂದರಲ್ಲಿ ಸಹಾಯಕ ಕೋಚ್ ಆಗಿ ಸೇರಿಕೊಂಡಿದ್ದೇನೆ. 6ರಿಂದ 12 ವರ್ಷದ ಮಕ್ಕಳು. ಅದಕ್ಕೂ ಮೊದಲು ನಮಗೇ ಐದು ದಿನದ ತರಬೇತಿ ಇದೆ. ನಿನ್ನೆ ಅದರ ಮೊದಲ ದಿನ.

ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿದರು. ಒಬ್ಬರು ಏನೂ ಗೊತ್ತಿಲ್ಲದ ಮಗುವಿನ ಹಾಗೆ ಇರಬೇಕು, ಇನ್ನೊಬ್ಬರು ಬರೀ ಮಾತಿನಲ್ಲಿ ಫಾರ್ವರ್ಡ್ ರೋಲ್ ಹೇಳಿಕೊಡಬೇಕು. ಮಾಡಿ ತೋರಿಸುವಂತಿಲ್ಲ, ಮುಟ್ಟುವಂತಿಲ್ಲ. ನಾನು "ತಲೆ ಒಳಗೆ ಹಾಕು, ಉರುಳು" ಎಂದೆ. ಎದುರಿಗಿದ್ದವಳು ನೆತ್ತಿಯನ್ನು ಮ್ಯಾಟ್‌ಗೆ ಊರಿ ಹಾಗೇ ನಿಂತುಬಿಟ್ಟಳು. "ಈಗ ಏನು ಮಾಡಲಿ?" ಎಂದು ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. ಸಾವಿರಾರು ಸಲ ಹಾಕಿದ ಲಾಗ ಅದು. ರಾತ್ರಿ ಮಲಗಿದಾಗಲೂ ಅದೇ ಯೋಚನೆ. ಅವಳ ಜಾಗದಲ್ಲಿ ನಿಜವಾಗಲೂ ಆರು ವರ್ಷದ ಮಗು ಇದ್ದು, ಅದರ ಕುತ್ತಿಗೆಯ ಮೇಲೆ ಮೈಭಾರವೆಲ್ಲ ಬಿದ್ದಿದ್ದರೆ?

ನನಗೆ ಮಾಡಲು ಬರುತ್ತದೆ. ಕಲಿಸಲು ಬರುತ್ತದಾ ಎಂಬುದೇ ಭಯ. ಇನ್ನು ನಾಲ್ಕು ದಿನ ಇದೆ. ಅನುಭವ ಇರುವವರು ಏನು ಹೇಳುತ್ತೀರಿ?

ಇಪ್ಪತ್ತು ಬೇಸಿಗೆ:
ತಂಗಿ, ಕೊರಗಬೇಡ. ಮೈಗೆ ಹತ್ತಿದ ವಿದ್ಯೆ ಬಾಯಿಗೆ ಬರಲು ಸ್ವಲ್ಪ ಕಾಲ ಬೇಕು. ಆ ಭಯ ಮೊದಲ ದಿನವೇ ಹುಟ್ಟಿದ್ದು ಒಳ್ಳೆಯದಾಯಿತು. ಭಯವೇ ಇಲ್ಲದೆ ಬರುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಜಾಸ್ತಿ ಆತಂಕ.

ಲಾಗವನ್ನೇ ತೆಗೆದುಕೋ. "ತಲೆ ಒಳಗೆ" ಎಂದರೆ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ಎಲ್ಲಿಯ ಒಳಗೆ? "ನಿನ್ನ ಹೊಕ್ಕುಳ ನೋಡು" ಎಂದರೆ ಗದ್ದ ತಾನಾಗಿ ಎದೆಗೆ ಹೋಗುತ್ತದೆ. ಅದೂ ಆಗದಿದ್ದರೆ ಗದ್ದದ ಕೆಳಗೆ ಸ್ಪಂಜಿನ ಪುಟ್ಟ ಚೆಂಡು ಇಡು, "ಇದು ಬೀಳಬಾರದು" ಎನ್ನು. ಅಂಗೈ ಎರಡೂ ನೆಲಕ್ಕೆ, ಸೊಂಟ ಮೇಲೆ, ಕಾಲಿನಿಂದ ತಳ್ಳು. ನೆಲಕ್ಕೆ ತಾಗಬೇಕಾದ್ದು ಹೆಗಲು ಮತ್ತು ಬೆನ್ನು, ನೆತ್ತಿ ತಾಗಲೇಬಾರದು. ಮೊದಲು ಇಳಿಜಾರು ಮ್ಯಾಟ್ ಮೇಲೆ ಮಾಡಿಸು. ಸಪಾಟು ನೆಲದಲ್ಲಿ ಅರ್ಧಕ್ಕೆ ನಿಂತು ಪಕ್ಕಕ್ಕೆ ಹೊರಳುವ ಮಗು ಇಳಿಜಾರಿನಲ್ಲಿ ಎದ್ದು ನಿಂತುಬಿಡುತ್ತದೆ. ಆ ಒಂದು ಸಲ ಎದ್ದು ನಿಂತದ್ದು ಅದಕ್ಕೆ ನೆನಪಿರುತ್ತದೆ. ಒಂದು ಸರದಿಗೆ ಒಂದೇ ಮಾತು ಹೇಳು. ಕೈ, ಗದ್ದ, ಸೊಂಟ, ಕಾಲು ಎಲ್ಲ ಒಟ್ಟಿಗೆ ಹೇಳಿದರೆ ಮಗು ಯಾವುದನ್ನೂ ಮಾಡುವುದಿಲ್ಲ.

ಆದರೆ ಲಾಗಕ್ಕೂ ಮೊದಲು ಬೀಳುವುದನ್ನು ಕಲಿಸಬೇಕು. ನಾನು ಮೊದಲ ಎರಡು ದಿನ ಅದನ್ನೇ ಮಾಡಿಸುತ್ತೇನೆ. ಹಿಂದಕ್ಕೆ ಬೀಳುವಾಗ ಯಾರ ಕೈಯಾದರೂ ತಾನಾಗಿ ಹಿಂದಕ್ಕೆ ನೆಲ ಹುಡುಕುತ್ತದೆ. ಮೊಣಕೈ ನೆಟ್ಟಗೆ, ಬೆರಳು ಹಿಂದಕ್ಕೆ. ಮೈಭಾರ ಪೂರ್ತಿ ಅದರ ಮೇಲೆ ಬಿದ್ದರೆ ಮಣಿಕಟ್ಟು ಹೋಗುತ್ತದೆ, ಇಲ್ಲವೇ ಮೊಣಕೈ. ಆದ್ದರಿಂದ ಕೈ ಎದೆಗೆ, ಗದ್ದ ಎದೆಗೆ, ಕುಕ್ಕರಿಸಿ, ಬೆನ್ನು ದುಂಡಗೆ ಮಾಡಿ ಉರುಳಿಬಿಡಬೇಕು. ಆಟ ಮಾಡು: ಮ್ಯಾಟ್ ಮೇಲೆ ಓಡುತ್ತಿರಲಿ, ನೀನು ಚಪ್ಪಾಳೆ ತಟ್ಟಿದಾಗ ಎಲ್ಲರೂ ಬೀಳಬೇಕು. ಮಕ್ಕಳು ನಗುನಗುತ್ತಾ ನೂರು ಸಲ ಬೀಳುತ್ತಾರೆ. ಮೂರನೇ ವಾರದಲ್ಲಿ ನಿಜವಾಗಿ ಬಿದ್ದಾಗ ಆ ನೂರು ಸಲ ಕೆಲಸಕ್ಕೆ ಬರುತ್ತದೆ.

ಹಾರಿ ಇಳಿಯುವುದನ್ನು ಕಿವಿಯಿಂದ ನೋಡು. ಮೊಣಕಾಲೆತ್ತರದ ಬಾಕ್ಸ್‌ನಿಂದ ಹಾರಿಸು. "ಧಪ್" ಎಂದು ಸದ್ದು ಬಂದರೆ ಮೊಣಕಾಲು ಮಡಿಸಿಲ್ಲ ಎಂದರ್ಥ. ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದು, ಕೈ ಮುಂದೆ ಚಾಚಿ, ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕು. ಇಡೀ ಸಾಲಿಗೆ ಬೆನ್ನು ಹಾಕಿ ನಿಂತಿದ್ದರೂ ಯಾರು ತಪ್ಪು ಇಳಿದರು ಎಂದು ನನಗೆ ಗೊತ್ತಾಗುತ್ತದೆ. (ಹಾಗಂತ ಬೆನ್ನು ಹಾಕಿ ನಿಲ್ಲಬೇಡ.)

ಚಾಕ್ ಕೈ:
ಅಕ್ಕ ಹೇಳಿದ್ದು ಸರಿ. ನಾನು ಸಪೋರ್ಟ್ ಕೊಡುವುದರ ಬಗ್ಗೆ, ಅಂದರೆ ಮಗು ಮಾಡುವಾಗ ಕೈಯಿಂದ ಹಿಡಿದು ಆಧಾರ ಕೊಡುವುದರ ಬಗ್ಗೆ ಹೇಳುತ್ತೇನೆ. ತರಬೇತಿಯ ಉಳಿದ ನಾಲ್ಕು ದಿನ ಆದಷ್ಟೂ ಅದಕ್ಕೇ ಇಡಿ. ಅದು ಪುಸ್ತಕದಿಂದ ಬರುವುದಿಲ್ಲ, ಕೈಗೆ ಅಭ್ಯಾಸ ಆಗಬೇಕು.

ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್‌ಗೆ (ಹಿಂದಕ್ಕೆ ಹಾರಿ, ಕೈಯೂರಿ ತಿರುಗಿ ಕಾಲ ಮೇಲೆ ಇಳಿಯುವುದು) ಮಗುವಿನ ಪಕ್ಕದಲ್ಲಿ, ಒಂದಿಷ್ಟು ಹಿಂದೆ ಇರಬೇಕು. ಮಗು ಚಿಕ್ಕದಿದ್ದರೆ ಒಂದು ಮೊಣಕಾಲೂರಿ. ಒಂದು ಕೈ ಸೊಂಟದ ಹಿಂದೆ, ಇನ್ನೊಂದು ತೊಡೆಯ ಹಿಂದೆ. ಸೊಂಟದ ಕೈ ಭಾರ ಹೊರುತ್ತದೆ, ತೊಡೆಯ ಕೈ ತಿರುಗಿಸುತ್ತದೆ. ಮಗು ಹಾರುವ ಮೊದಲೇ ಕೈ ಅಲ್ಲಿರಬೇಕು. ಹಾರಿದ ಮೇಲೆ ಕೈ ಹುಡುಕುತ್ತಾ ಹೋದರೆ ತಡವಾಯಿತು. ನೋಡಬೇಕಾದ್ದು ಮಗುವಿನ ಸೊಂಟವನ್ನು. ಮುಖ ಏನೇ ಹೇಳಲಿ, ಮೈ ಎತ್ತ ಹೋಗುತ್ತಿದೆ ಎಂದು ಸೊಂಟ ಹೇಳುತ್ತದೆ.

ಕಾರ್ಟ್‌ವೀಲ್‌ಗೆ (ಕೈಯೂರಿ ಪಕ್ಕಕ್ಕೆ ಚಕ್ರದ ಹಾಗೆ ತಿರುಗುವುದು) ಮಗುವಿನ ಬೆನ್ನಿನ ಕಡೆ ನಿಲ್ಲಿ. ಹೊಟ್ಟೆಯ ಕಡೆ ನಿಂತರೆ ಕಾಲು ನೇರ ನಿಮ್ಮ ಮುಖಕ್ಕೆ. ಕೈಗಳನ್ನು ಕತ್ತರಿ ಹಾಕಿದ ಹಾಗೆ ಅಡ್ಡ ಮಾಡಿ ಸೊಂಟ ಹಿಡಿದರೆ, ಮಗು ತಿರುಗಿದಾಗ ನಿಮ್ಮ ಕೈ ತಾನೇ ನೇರವಾಗುತ್ತದೆ. ಬಾರ್ (ಜೋತಾಡುವ ಅಡ್ಡ ಕಂಬಿ) ಹತ್ತಿರ ಇನ್ನೊಂದು ಎಚ್ಚರ: ಮಗುವಿನ ಮಣಿಕಟ್ಟು ಹಿಡಿಯಬೇಕಾದಾಗ ನಿಮ್ಮ ತೋಳು ಬಾರ್‌ನ ಕೆಳಗಿನಿಂದ ಹೋಗಬೇಕು. ಮೇಲಿನಿಂದ ಹಾಕಿದರೆ, ಮಗು ಸುತ್ತಿದಾಗ ತೋಳು ಬಾರ್‌ಗೂ ಮೈಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ ಮೂಳೆಯೇ ಮುರಿಯಬಹುದು.

ಮೂರು ಮಾತು ಮನಸ್ಸಿನಲ್ಲಿರಲಿ. ಮುಟ್ಟುವ ಮೊದಲು ಹೇಳಿ: "ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಗೆ ಇಡುತ್ತೇನೆ, ಸರೀನಾ?" ಮಗು ಬೇಡ ಎಂದರೆ ಆ ಐಟಂ ಬೇಡ, ಬೇರೆ ಮಾಡಿಸಿ. ಹಿಡಿಯುತ್ತೇನೆ ಎಂದು ಮಾತು ಕೊಟ್ಟ ಮೇಲೆ ಕೊನೆ ಗಳಿಗೆಯಲ್ಲಿ ಕೈ ತೆಗೆಯಬೇಡಿ, "ನೋಡು, ನೀನೇ ಮಾಡಿಬಿಟ್ಟೆ" ಎಂದು ಖುಷಿಪಡಿಸಲು ಕೂಡ. ಒಂದು ಸಲ ಹಾಗಾದರೆ ಮಗು ಮುಂದೆ ಯಾರ ಕೈಯನ್ನೂ ನಂಬುವುದಿಲ್ಲ. ಮತ್ತೆ, ನಿಮ್ಮ ಕೈಯಲ್ಲಿ ಹಿಡಿಯಲಾಗದ ಮಗುವನ್ನು ಹಿಡಿಯುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ದೊಡ್ಡ ಕೋಚನ್ನು ಕರೆಯಿರಿ.

ಬೀಮ್ ತುದಿ:
ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಸಪೋರ್ಟ್ ಕಲಿಯಲೇಬೇಕು, ಒಪ್ಪುತ್ತೇನೆ. ಆದರೆ ಶಿಬಿರದಲ್ಲಿ ಅದರ ಮೇಲೇ ನಿಂತರೆ ಎರಡು ತೊಂದರೆ. ಒಂದು, ಮಗು ನಿಮ್ಮ ಕೈಯನ್ನೇ ಕಲಿಯುತ್ತದೆ, ಐಟಂ ಕಲಿಯುವುದಿಲ್ಲ. ಇನ್ನೊಂದು ಅದಕ್ಕಿಂತ ದೊಡ್ಡದು. ನೀವು ಒಂದು ಮಗುವನ್ನು ಹಿಡಿದಿರುವಾಗ ಉಳಿದ ಏಳು ಮಕ್ಕಳು ಏನು ಮಾಡುತ್ತಿದ್ದಾರೆ? ಶಿಬಿರದಲ್ಲಿ ನಾನು ಕಂಡ ಪೆಟ್ಟುಗಳಲ್ಲಿ ಹೆಚ್ಚಿನವು ಐಟಂ ಮಾಡುವಾಗ ಆದದ್ದಲ್ಲ. ಸಾಲಿನಲ್ಲಿ ಬೇಜಾರಾಗಿ ನಿಂತ ಮಗು ಪಕ್ಕದ ಮಿನಿ ಟ್ರ್ಯಾಂಪೊಲಿನ್ ಹತ್ತಿದಾಗ ಆದದ್ದು.

ನಾನು ಮಾಡುವುದು ಹೀಗೆ. ಎಂಟು ಮಕ್ಕಳಿಗೆ ಐದು ಸ್ಟೇಷನ್. ನನ್ನ ಕೈ ಬೇಕಾದ ಸ್ಟೇಷನ್ ಒಂದೇ ಒಂದು. ಉಳಿದ ನಾಲ್ಕೂ ಮಗು ತಾನೇ ಮಾಡಬಹುದಾದವು: ಗೋಡೆಗೆ ಹೊಟ್ಟೆ ಮಾಡಿ ಕೈ ಮೇಲೆ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್, ಇಳಿಜಾರು ಮ್ಯಾಟ್ ಮೇಲೆ ಲಾಗ, ನೆಲದಲ್ಲಿ ಟೇಪ್ ಅಂಟಿಸಿದ ಗೆರೆಯ ಮೇಲೆ ನಡಿಗೆ, ಬೆನ್ನ ಮೇಲೆ ಮಲಗಿ ದೋಣಿಯ ಹಾಗೆ ಮೈ ಬಿಗಿಹಿಡಿಯುವುದು. ಈ ದೋಣಿ ಸುಮ್ನೆ ಹೊತ್ತು ಕಳೆಯಲು ಇಟ್ಟದ್ದು ಅಂದುಕೊಳ್ಳಬೇಡಿ. ಸೊಂಟ ನೆಲಕ್ಕೆ ಅಂಟಿ, ಹೆಗಲು ಕಾಲು ಒಂದಿಷ್ಟು ಮೇಲೆದ್ದಿರುವ ಆ ಆಕಾರವೇ ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ, ಬಾರ್‌ನಲ್ಲಿ, ವಾಲ್ಟ್‌ನಲ್ಲಿ (ಓಡಿ ಬಂದು ಕೈಯೂರಿ ಹಾರುವ ಉಪಕರಣ) ಮತ್ತೆ ಮತ್ತೆ ಬರುತ್ತದೆ. ನಾನು ನಿಲ್ಲುವ ಜಾಗಕ್ಕೆ ಬೆನ್ನ ಹಿಂದೆ ಗೋಡೆ ಇರಬೇಕು, ಐದೂ ಸ್ಟೇಷನ್ ಕಣ್ಣಿಗೆ ಬೀಳಬೇಕು. ಸ್ಟೇಷನ್ ಇಡುವ ಮೊದಲು ಆ ಜಾಗದಲ್ಲಿ ನಿಂತು ನೋಡುತ್ತೇನೆ. ಏನಾದರೂ ಮರೆಯಾದರೆ ಸ್ಟೇಷನ್ ಎತ್ತಿ ಬೇರೆ ಕಡೆ ಇಡುತ್ತೇನೆ.

ಕಾರ್ಟ್‌ವೀಲ್ ಕೂಡ ಹಾಗೇ. ಮಡಚುವ ಮ್ಯಾಟಿನ ಮೇಲೆ ಎರಡು ಅಂಗೈ ಗುರುತು ಬರೆದು, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಾರಿಸಿದರೆ ಸಾಕು. ಕೈ ಎಲ್ಲಿಡಬೇಕು ಎಂದು ಮ್ಯಾಟೇ ಹೇಳುತ್ತದೆ.

ಚಾಕ್ ಕೈ:
ಒಪ್ಪಿದೆ. ನಾನು ಸ್ಪರ್ಧೆಗೆ ತಯಾರಾಗುವ ಮಕ್ಕಳ ಜೊತೆ ಜಾಸ್ತಿ ಇದ್ದವನು, ಅಲ್ಲಿ ಒಬ್ಬರಿಗೆ ಒಬ್ಬರು ಎಂಬ ಹಾಗೆ ಸಮಯ ಸಿಗುತ್ತದೆ. ಎಂಟು ಹೊಸ ಮಕ್ಕಳಿದ್ದರೆ ಸ್ಟೇಷನ್ನೇ ಸರಿ. ಆದರೆ ಆ ಒಂದು ಸ್ಟೇಷನ್‌ನಲ್ಲಿ ಕೈ ಗಟ್ಟಿ ಇರಬೇಕು.

ಸ್ಟೇಷನ್ ಎಂದಾಗ ನೆನಪಾಯಿತು, ಉಪಕರಣ ನೋಡುವುದು. ಬೆಳಿಗ್ಗೆ ಮಕ್ಕಳು ಬರುವ ಮೊದಲು ನೀವೇ ನೋಡಿ. ನಿನ್ನೆ ಯಾರೋ ನೋಡಿದ್ದರು ಎಂದು ಬಿಡಬೇಡಿ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಆಲ್‌ರೌಂಡ್ (ಎಲ್ಲ ಉಪಕರಣಗಳ) ಫೈನಲ್ ದಿನ ವಾಲ್ಟನ್ನು 125 ಸೆಂ.ಮೀ. ಬದಲು 120ಕ್ಕೆ ಇಟ್ಟಿದ್ದರು. ಐದೇ ಸೆಂಟಿಮೀಟರ್. ಲೋಕದ ಅತ್ಯುತ್ತಮ ಜಿಮ್ನಾಸ್ಟ್‌ಗಳು ಒಬ್ಬರ ಹಿಂದೆ ಒಬ್ಬರು ಬಿದ್ದರು. ಅರ್ಹತಾ ಸುತ್ತಿನಲ್ಲಿ ಮೊದಲಿದ್ದ ರಷ್ಯಾದ ಸ್ವೆಟ್ಲಾನಾ ಖೋರ್ಕಿನಾ ಕೂಡ ಬಿದ್ದರು. ಏನೋ ಸರಿಯಿಲ್ಲ ಎಂದು ಹೇಳಿದ್ದು ಆಸ್ಟ್ರೇಲಿಯಾದ ಅಲಾನಾ ಸ್ಲೇಟರ್ ಎಂಬ ಹುಡುಗಿ. ಆಮೇಲೆ ಅಳೆದು ಎತ್ತರಿಸಿದರು. ಒಲಿಂಪಿಕ್ಸ್‌ನಲ್ಲೇ ಹಾಗಾದರೆ ಶಿಬಿರದಲ್ಲಿ ಆಗುವುದಿಲ್ಲವೇ? ಬಾರ್‌ನ ಪಿನ್, ಬೀಮ್ (ಮೇಲೆ ನಡೆಯುವ ಕಿರಿದಾದ ಉದ್ದ ತೊಲೆ) ಕಾಲಿನ ಸ್ಕ್ರೂ, ಎರಡು ಮ್ಯಾಟ್ ನಡುವಿನ ಸಂದು, ಇವಿಷ್ಟನ್ನು ಕೈಯಿಂದ ಮುಟ್ಟಿ ನೋಡಿ. ಮ್ಯಾಟ್ ಸಂದಿಯಲ್ಲಿ ಪಾದ ಸಿಕ್ಕರೆ ಕಣಕಾಲು ತಿರುಚಿಕೊಳ್ಳುತ್ತದೆ.

ಫೋಮ್ ಪಿಟ್ (ಫೋಮ್ ತುಂಡು ತುಂಬಿದ ಗುಂಡಿ) ಇದ್ದರೆ ಮಕ್ಕಳಿಗೆ ಅದು ಸ್ವರ್ಗ. ಕಾಲು, ಕುಂಡೆ ಅಥವಾ ಬೆನ್ನಿನ ಮೇಲೆ ಬೀಳಬೇಕು. ತಲೆ ಮೊದಲಾಗಿ ಹಾರುವುದು ಎಂದಿಗೂ ಇಲ್ಲ. ಒಂದು ಸಲಕ್ಕೆ ಒಬ್ಬರು. ಮೊದಲನೆಯವರು ಅಂಚು ಹತ್ತಿ ಹೊರಗೆ ನಿಂತ ಮೇಲೆಯೇ ಎರಡನೆಯವರು.

ಮೊದಲ ಬೇಸಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತರಬೇತಿ ಮುಗಿಯಿತು, ಶಿಬಿರದ ಎರಡನೇ ವಾರ ನಡೆಯುತ್ತಿದೆ. ನಾಲ್ಕು ದಿನವೂ ನನ್ನ ಜೊತೆಗಾರರ ಮೇಲೇ ಸಪೋರ್ಟ್ ಅಭ್ಯಾಸ ಮಾಡಿದೆ. ಮೊದಲು ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಚೆನ್ನಾಗಿ ಬರುವವರನ್ನು ಹಿಡಿದೆ, ಆಮೇಲೆ ಬೇಕೆಂದೇ ತಪ್ಪು ಮಾಡುವವರನ್ನು. ಒಬ್ಬ ಅರ್ಧಕ್ಕೆ ನಿಲ್ಲಿಸಿಬಿಟ್ಟ. ಅವನ ಪೂರ್ತಿ ಭಾರ ನನ್ನ ಎಡಗೈಗೆ ಬಂತು. ಸೊಂಟ ಬಾಗಿಸಿ ನಿಂತಿದ್ದೆ, ಬೆನ್ನು ಹಿಡಿದುಕೊಂಡಿತು. ಮೊಣಕಾಲು ಮಡಿಸಿ ನಿಲ್ಲಬೇಕು ಎಂಬುದು ಆಗ ಗೊತ್ತಾಯಿತು.

ಒಂದು ತಪ್ಪು ನನ್ನಿಂದಾಯಿತು, ಹೇಳಿಬಿಡುತ್ತೇನೆ. ಮೂರನೇ ದಿನ ಒಬ್ಬಳ ಜಡೆ ಬಿಚ್ಚಿತ್ತು. ಕಟ್ಟಲು ಬಗ್ಗಿದೆ, ಹತ್ತು ಸೆಕೆಂಡ್ ಇರಬಹುದು. ಅಷ್ಟರಲ್ಲಿ ಒಬ್ಬ ಹುಡುಗ ಮಿನಿ ಟ್ರ್ಯಾಂಪೊಲಿನ್ ಹತ್ತಿ ಹಾರಿದ, ಮ್ಯಾಟಿನ ಅಂಚಿಗೆ ಇಳಿದು ಹಿಂದಕ್ಕೆ ಬಿದ್ದ. ಕೈ ಎದೆಗೆ ಕಟ್ಟಿ ಉರುಳಿದ, ಏನೂ ಆಗಲಿಲ್ಲ. ಹಿಂದಿನ ಎರಡು ದಿನ ಚಪ್ಪಾಳೆ ಆಟದಲ್ಲಿ ಬಿದ್ದದ್ದೇ ಅವನನ್ನು ಕಾಪಾಡಿತು. ಅವನು ನಗುತ್ತಿದ್ದ, ನನ್ನ ಕೈ ಅರ್ಧ ಗಂಟೆ ನಡುಗುತ್ತಿತ್ತು. ಈಗ ಸರದಿ ಇಲ್ಲದಾಗ ಟ್ರ್ಯಾಂಪೊಲಿನ್ ಮೇಲೆ ಮ್ಯಾಟ್ ಮುಚ್ಚಿಡುತ್ತೇನೆ, ಜಡೆಯನ್ನು ಶುರುವಿನಲ್ಲೇ ಕಟ್ಟಿಸುತ್ತೇನೆ.

ಈಗ ಹೊಸ ಪ್ರಶ್ನೆ. ಏಳು ವರ್ಷದ ಹುಡುಗಿ ಇದ್ದಾಳೆ. ನೆಲದ ಟೇಪ್ ಗೆರೆಯ ಮೇಲೆ ಕಣ್ಣು ಮುಚ್ಚಿ ಬೇಕಾದರೂ ನಡೆಯುತ್ತಾಳೆ. ಗೆರೆಯ ಅಗಲವೂ 10 ಸೆಂ.ಮೀ., ಬೀಮ್ ಅಗಲವೂ 10 ಸೆಂ.ಮೀ. ಆದರೆ ಮೊಣಕಾಲೆತ್ತರದ ಬೀಮ್ ಹತ್ತಿದ ಕೂಡಲೇ ಕಲ್ಲಾಗುತ್ತಾಳೆ. ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿಯುತ್ತಾಳೆ. ನಿನ್ನೆ "ಇವತ್ತು ಬೇಡ ಅಕ್ಕ" ಎಂದಳು. ಸರಿ ಎಂದು ಬಿಟ್ಟೆ. ಪಕ್ಕದ ಗುಂಪಿನ ಕೋಚ್ "ಒಂದು ಸಲ ಗಟ್ಟಿ ಮನಸ್ಸು ಮಾಡಿ ನಡೆಸಿಬಿಡು, ಆಮೇಲೆ ಭಯ ಹೋಗುತ್ತದೆ" ಎಂದರು. ನಾನು ಮಾಡಿದ್ದು ಸರಿಯಾ?

ಇಪ್ಪತ್ತು ಬೇಸಿಗೆ:
ಸರಿ ಮಾಡಿದೆ. ನೂರಕ್ಕೆ ನೂರು ಸರಿ.

ಬೇಡ ಎಂಬ ಮಾತನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದು ಈ ಕ್ರೀಡೆಗೆ ಚೆನ್ನಾಗಿ ಗೊತ್ತಿರಬೇಕು. ಸೋವಿಯತ್ ಜಿಮ್ನಾಸ್ಟ್ ಎಲೆನಾ ಮುಖಿನಾ 1978ರ ವಿಶ್ವ ಚಾಂಪಿಯನ್. ಕಾಲು ಮುರಿದು ಪೂರ್ತಿ ವಾಸಿಯಾಗುವ ಮೊದಲೇ ಮತ್ತೆ ಅಭ್ಯಾಸಕ್ಕೆ ಇಳಿಸಿದರು. 1980ರ ಜುಲೈನಲ್ಲಿ, ಮಾಸ್ಕೋ ಒಲಿಂಪಿಕ್ಸ್‌ಗೆ ಎರಡು ವಾರ ಇರುವಾಗ, ಥಾಮಸ್ ಸಾಲ್ಟೊ ಎಂಬ ಅಪಾಯದ ಪಲ್ಟಿಯ ಅಭ್ಯಾಸದಲ್ಲಿ ಕುತ್ತಿಗೆ ಮುರಿಯಿತು. ಆಗ ಅವರಿಗೆ 20 ವರ್ಷ. ಉಳಿದ ಬದುಕೆಲ್ಲ ಹಾಸಿಗೆ ಮತ್ತು ಗಾಲಿಕುರ್ಚಿಯಲ್ಲೇ ಕಳೆಯಿತು. ನಾನು ಕೋಚ್ ಆದ ಮೊದಲ ವರ್ಷ ಇದನ್ನು ಓದಿ ಬಹಳ ಅತ್ತಿದ್ದೆ. ಇನ್ನೊಂದು ಕಡೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರನ್ನು ನೋಡು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನಲ್ಲಿ ವಾಲ್ಟ್ ಹಾರಿದಾಗ ಎರಡೂವರೆ ಸುತ್ತು ಹಾಕಬೇಕಿತ್ತು, ಒಂದೂವರೆಗೇ ನಿಂತಿತು. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಎಂಬುದೇ ಮೈಗೆ ಗೊತ್ತಾಗುತ್ತಿರಲಿಲ್ಲ. ಸಾಕು ಎಂದು ಹಿಂದೆ ಸರಿದರು. ಒಂದು ವಾರದ ಮೇಲೆ ಬೀಮ್ ಫೈನಲ್‌ಗೆ ಬಂದು ಕಂಚು ಗೆದ್ದರು. ನಿನ್ನ ಆ ಏಳು ವರ್ಷದ ಮಗು ಹೇಳಿದ್ದೂ ಅದೇ ಮಾತು.

ಈಗ ಉಪಾಯ. ಕೈ ಕೊಡಬೇಡ, ಟವೆಲ್ ಕೊಡು. ಒಂದು ತುದಿ ಅವಳು ಹಿಡಿಯಲಿ, ಇನ್ನೊಂದು ತುದಿ ನೀನು. ಕೈ ಹಿಡಿದರೆ ಮೈಭಾರ ನಿನ್ನ ಮೇಲೆ ಹಾಕುತ್ತಾಳೆ, ಓರೆಯಾಗುತ್ತಾಳೆ, ಅದಕ್ಕೇ ಜಾರುತ್ತಾಳೆ. ಟವೆಲ್‌ಗೆ ಭಾರ ಹಾಕಲು ಆಗುವುದಿಲ್ಲ. ಮೊದಲು ಬೀಮ್ ಮೇಲಿಂದ ಇಳಿಯುವುದನ್ನು ಕಲಿಸು. ಹತ್ತಿ, ಹಾರಿ ಇಳಿ. ಹತ್ತಿ, ಹಾರಿ ಇಳಿ. ಇಳಿಯುವ ದಾರಿ ತನಗೆ ಗೊತ್ತಿದೆ ಎಂದಾದ ಮೇಲೆ ಹೆಜ್ಜೆ ತಾನಾಗಿ ಮುಂದೆ ಹೋಗುತ್ತದೆ. ಕಣ್ಣು ಪಾದದ ಮೇಲಿರಬಾರದು, ಬೀಮ್ ಕೊನೆಯ ಮೇಲಿರಬೇಕು. ಅಲ್ಲಿ ಒಂದು ಬಣ್ಣದ ಟೇಪ್ ತುಂಡು ಅಂಟಿಸು.

ಫಿಸಿಯೋ ಒಬ್ಬರು:
ನಾನು ಕೋಚ್ ಅಲ್ಲ, ಪೆಟ್ಟಾದ ಮೇಲೆ ಮಕ್ಕಳು ಬರುವುದು ನನ್ನ ಹತ್ತಿರ. ಮಣಿಕಟ್ಟು ನೋವು ಎಂದು ಮಗು ಹೇಳಿದರೆ ದಯವಿಟ್ಟು "ಅಭ್ಯಾಸ ಇಲ್ಲ, ಸರಿಹೋಗುತ್ತೆ" ಎನ್ನಬೇಡಿ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ಕೈ ಮೇಲೆ ಮತ್ತೆ ಮತ್ತೆ ಮೈಭಾರ ಬಿದ್ದರೆ ಮೊದಲು ಸೋಲುವುದು ಅದೇ. ಹಿಮ್ಮಡಿಯಲ್ಲಿ, ಮೊಣಕಾಲಿನ ಕೆಳಗೆ ಬರುವ ನೋವಿಗೂ ಇದೇ ಕಾರಣ ಇರಬಹುದು. ಶಿಬಿರದಲ್ಲಿ ಅಪಾಯ ಜಾಸ್ತಿ. ವಾರಕ್ಕೆ ಎರಡು ದಿನ ಕೂಡ ಆಡದಿದ್ದ ಮಗು ಇದ್ದಕ್ಕಿದ್ದ ಹಾಗೆ ದಿನಕ್ಕೆ ನಾಲ್ಕೈದು ಗಂಟೆ ಕೈ ಮೇಲೆ ನಿಲ್ಲುತ್ತದೆ. ಆದ್ದರಿಂದ ಕೈ ಮೇಲಿನ ಕೆಲಸ ಆದ ಮೇಲೆ ಕಾಲಿನ ಕೆಲಸ, ಆಮೇಲೆ ಮತ್ತೆ ಕೈ. ಹೀಗೆ ಬದಲಾಯಿಸುತ್ತಿರಿ.

ತಲೆಗೆ ಪೆಟ್ಟಾದರೆ ಚರ್ಚೆಯೇ ಬೇಡ. ತಲೆಸುತ್ತು, ವಾಂತಿ, ಮಂಕು, ಗೊಂದಲದ ಮಾತು, ಇದರಲ್ಲಿ ಏನೇ ಕಂಡರೂ ಆ ದಿನ ಮತ್ತೆ ಮ್ಯಾಟ್ ಮೇಲೆ ಕಾಲಿಡುವಂತಿಲ್ಲ. ಏನೂ ಕಾಣದಿದ್ದರೂ ಅನುಮಾನ ಇದ್ದರೆ ಕೂರಿಸಿ, ಮನೆಯವರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ. ಕುತ್ತಿಗೆ ನೋವು ಎಂದರೆ ಮಗುವನ್ನು ಎತ್ತಲೇಬೇಡಿ. ಅಲುಗಾಡದ ಹಾಗೆ ಅಲ್ಲೇ ಇರಿಸಿ, ಸಹಾಯಕ್ಕೆ ಕರೆಯಿರಿ.

ಸ್ಪ್ಲಿಟ್ (ಕಾಲು ಪೂರ್ತಿ ಚಾಚಿ ನೆಲಕ್ಕೆ ಕೂರುವುದು) ಮಾಡಿಸುವಾಗ ಹೆಗಲ ಮೇಲೆ ಕೂತು ಒತ್ತುವುದನ್ನು ನಾನು ಇನ್ನೂ ನೋಡುತ್ತೇನೆ. ಆ ಮಕ್ಕಳ ಅಳು ನನಗೆ ಸಹಿಸಲಾಗುವುದಿಲ್ಲ. ಸ್ನಾಯು ಹರಿಯುತ್ತದೆ, ಮಗು ಮತ್ತೆ ಬರುವುದಿಲ್ಲ. ಮೈ ಬಿಸಿಯಾದ ಮೇಲೆ, ತನ್ನ ಭಾರದಲ್ಲೇ, ಉಸಿರು ಬಿಡುತ್ತಾ ಎಷ್ಟು ಹೋಗುತ್ತದೋ ಅಷ್ಟು ಸಾಕು.

ಜಿಮ್ನಾಸ್ಟ್ ಅಮ್ಮ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ತಾಯಿಯಾಗಿ ಒಂದೆರಡು ಮಾತು ಹೇಳುತ್ತೇನೆ.

"ಮುಟ್ಟುವ ಮೊದಲು ಹೇಳಿ" ಎಂದು ಮೇಲೆ ಬರೆದಿರುವುದನ್ನು ನಾನು ಮೂರು ಸಲ ಓದಿದೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದು, ಚಿಕಿತ್ಸೆಯ ನೆಪದಲ್ಲಿ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಲ್ಯಾರಿ ನಾಸರ್‌ಗೆ 2018ರಲ್ಲಿ ಶಿಕ್ಷೆಯಾಗುವ ಮೊದಲು 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೋರ್ಟ್‌ನಲ್ಲಿ ಎದ್ದು ನಿಂತು ಮಾತಾಡಿದರು. ಎಷ್ಟೋ ಜನ ಮೊದಲೇ ಹೇಳಿದ್ದರು, ದೊಡ್ಡವರು ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಸುದ್ದಿ ನೋಡಿದ ಮೇಲೆ ಮಗಳನ್ನು ಶಿಬಿರಕ್ಕೆ ಕಳಿಸಲು ಎರಡು ವರ್ಷ ಹಿಂದೇಟು ಹಾಕಿದೆ. ಕಳಿಸಿದಾಗ ನಾನು ನೋಡಿದ್ದು ಪದಕದ ಗೋಡೆಯನ್ನಲ್ಲ. ಕೋಚ್ ಯಾವ ಮಗುವಿನ ಜೊತೆಗೂ ಒಬ್ಬರೇ ಇರುತ್ತಾರಾ, ಬಟ್ಟೆ ಬದಲಿಸುವ ಕೋಣೆಯ ನಿಯಮ ಏನು, ಮಗುವಿಗೆ ಏನಾದರೂ ಇಷ್ಟವಾಗದಿದ್ದರೆ ಯಾರಿಗೆ ಹೇಳಬೇಕು ಎಂದು ಮೊದಲ ದಿನವೇ ತಿಳಿಸುತ್ತಾರಾ, ಇದನ್ನು ನೋಡಿದೆ. ಹೊಸ ಕೋಚ್‌ಗಳೇ, ಪೋಷಕರು ಇದನ್ನೆಲ್ಲ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಪ್ರೀತಿಯಿಂದ ಉತ್ತರ ಕೊಡಿ.

ಇನ್ನೊಂದು. ಕೊನೆಯ ದಿನದ ಪ್ರದರ್ಶನಕ್ಕೆ ನಾವು ಪಲ್ಟಿ ನೋಡಲು ಬರುತ್ತೇವೆ ಎಂದು ನೀವು ಅಂದುಕೊಂಡಿದ್ದೀರಿ ಅಲ್ವಾ? ಕೆಲವರು ಹಾಗೇ ಬರುತ್ತಾರೆ, ಸುಳ್ಳಲ್ಲ. ಆದರೆ ಮೊದಲೇ ಒಂದು ಮಾತು ಹೇಳಿದರೆ ನಮಗೂ ಅರ್ಥವಾಗುತ್ತದೆ.

ಬೀಮ್ ತುದಿ:
ಅಮ್ಮ ಹೇಳಿದ ಪ್ರದರ್ಶನದ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಕೊನೆಯ ವಾರದ್ದು. ಆರು ವಾರ ಚೆನ್ನಾಗಿ ಕಲಿಸಿದ ಕೋಚ್‌ಗಳು ಕೂಡ ಕೊನೆಯ ನಾಲ್ಕು ದಿನದಲ್ಲಿ ಹೊಸ ಐಟಂ ತುರುಕುತ್ತಾರೆ. ದೀಪಾ ಕರ್ಮಾಕರ್ 2016ರಲ್ಲಿ ರಿಯೊದಲ್ಲಿ ಪ್ರೊಡುನೋವಾ ಎಂಬ ಕಷ್ಟದ ವಾಲ್ಟ್ ಹಾರಿ ನಾಲ್ಕನೆಯವರಾದ ಮೇಲೆ ಶಿಬಿರಕ್ಕೆ ಬಂದ ಮಕ್ಕಳೆಲ್ಲ "ಅದನ್ನು ಕಲಿಸಿ" ಎನ್ನುತ್ತಿದ್ದರು. ಮಕ್ಕಳ ಆಸೆ ನನಗೆ ಇಷ್ಟ. ನಾನು ಅವರಿಗೆ ಹೇಳಿದ್ದು, "ಅದು ಹ್ಯಾಂಡ್‌ಸ್ಪ್ರಿಂಗ್ ಹಾಕಿ ಗಾಳಿಯಲ್ಲಿ ಎರಡು ಮುಂಪಲ್ಟಿ. ಅದರ ಮೊದಲ ಪಾಠ ಓಟ, ಎರಡನೇ ಪಾಠ ಬೋರ್ಡ್ ಮೇಲೆ ಎರಡೂ ಪಾದ ಒಟ್ಟಿಗೆ ಇಡುವುದು. ಬನ್ನಿ, ಓಡೋಣ." ಅವತ್ತಿನಷ್ಟು ಚೆನ್ನಾಗಿ ಅವರು ಯಾವತ್ತೂ ಓಡಲಿಲ್ಲ.

ನನ್ನ ನಿಯಮ: ಸಪೋರ್ಟ್ ಇಲ್ಲದೆ ಹತ್ತರಲ್ಲಿ ಹತ್ತು ಸಲ ಬಂದದ್ದು ಮಾತ್ರ ಪ್ರದರ್ಶನಕ್ಕೆ. ಒಬ್ಬನಿಗೆ ಅದು ಬರೀ ಲಾಗ ಆಗಿರಬಹುದು. ಪ್ರದರ್ಶನದ ದಿನ ಮಕ್ಕಳ ಎದೆಬಡಿತ ಜೋರಾಗಿರುತ್ತದೆ, ಓಟ ಜಾಸ್ತಿಯಾಗುತ್ತದೆ, ದಿನವೂ ಬರುವ ಐಟಂ ಕೂಡ ತಪ್ಪುತ್ತದೆ.

ಮೊದಲ ಬೇಸಿಗೆ:
ಶಿಬಿರ ಮುಗಿದು ಮೂರು ದಿನವಾಯಿತು. ಗಂಟಲು ಇನ್ನೂ ಕಟ್ಟಿದೆ. ಎರಡನೇ ವಾರದಲ್ಲೇ ಧ್ವನಿ ಹೋಗಿತ್ತು, ಆಮೇಲೆ ಚಪ್ಪಾಳೆ ಮತ್ತು ಕೈಸನ್ನೆಯಲ್ಲೇ ಗುಂಪು ನಡೆಸಿದೆ. ವಿಚಿತ್ರ ಎಂದರೆ ಮಕ್ಕಳು ಇನ್ನೂ ಚೆನ್ನಾಗಿ ಕೇಳಿದರು.

ಪ್ರದರ್ಶನಕ್ಕೆ ಒಂದು ವಾರ ಮೊದಲು ಪೋಷಕರಿಗೆಲ್ಲ ಹೇಳಿದೆವು: ಈ ಮಕ್ಕಳು ಬೀಳುವುದನ್ನು ಕಲಿತಿದ್ದಾರೆ, ಅದನ್ನೇ ಮೊದಲು ತೋರಿಸುತ್ತಾರೆ. ಎಂಟೂ ಮಕ್ಕಳು ಓಡಿ ಬಂದು ಚಪ್ಪಾಳೆಗೆ ಧೊಪ್ಪೆಂದು ಬಿದ್ದು ಎದ್ದರು. ಜನ ಅದಕ್ಕೇ ಎಲ್ಲಕ್ಕಿಂತ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. ನಮ್ಮ ಗುಂಪಿನಲ್ಲಿ ಯಾರೂ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಮಾಡಲಿಲ್ಲ. ಒಬ್ಬಳಿಗೆ ಸಪೋರ್ಟ್‌ನಲ್ಲಿ ಬರುತ್ತಿತ್ತು, ಹತ್ತಕ್ಕೆ ಏಳು ಸಲ. ಬೇಡ ಎಂದಾಗ ಅವಳಿಗೆ ಬೇಸರವಾಯಿತು. ನನಗೂ ಆಯಿತು. ಆದರೂ ಬೇಡ ಎಂದೆ.

ಟವೆಲ್ ಹುಡುಗಿಯ ವಿಷಯ. ಅಕ್ಕ ಹೇಳಿದ ಹಾಗೆ ಮೊದಲು ಎರಡು ದಿನ ಬರೀ ಹತ್ತಿ ಇಳಿಯುವುದು. ಮೂರನೇ ದಿನ ಟವೆಲ್ ಕೊಟ್ಟೆ. ಗಟ್ಟಿಯಾಗಿ ಎಳೆದು ಹಿಡಿದಿದ್ದಳು, ಹಗ್ಗ ಜಗ್ಗಾಟದ ಹಾಗೆ. ಎರಡು ಹೆಜ್ಜೆ ಹಾಕಿ ಇಳಿದಳು. ಮಧ್ಯೆ ಒಂದು ದಿನ ಮತ್ತೆ "ಬೇಡ" ಎಂದಳು, ಬಿಟ್ಟೆ. ನಾಲ್ಕನೇ ವಾರದ ಕೊನೆಗೆ ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ನಡೆಯುತ್ತಾ ಟವೆಲ್ ನೋಡಿದೆ. ನಡುವೆ ಜೋತುಬಿದ್ದಿತ್ತು. ಅವಳು ಎಳೆಯುತ್ತಲೇ ಇರಲಿಲ್ಲ. ತುದಿಯನ್ನು ಎರಡು ಬೆರಳಲ್ಲಿ ಸುಮ್ನೆ ಹಿಡಿದುಕೊಂಡು ಬಣ್ಣದ ಟೇಪ್ ನೋಡುತ್ತಾ ಐದು ಮೀಟರ್ ನಡೆದು ಮುಗಿಸಿದಳು. ನಾನು ಏನೂ ಹೇಳಲಿಲ್ಲ, ನನ್ನ ತುದಿಯನ್ನೂ ಬಿಡಲಿಲ್ಲ. ಮಾರನೇ ದಿನ ಅವಳೇ ಟವೆಲ್ಲನ್ನು ಮಡಚಿ ನನ್ನ ಕೈಗೆ ಕೊಟ್ಟು, "ಅಕ್ಕ, ನೀವು ಆ ಕಡೆ ನಿಂತುಕೊಳ್ಳಿ" ಎಂದಳು.

ಒಂದು ಸಹಾಯ ಬೇಕು. ಮುಂದಿನ ಬೇಸಿಗೆಗೆ ಬಾರ್ ಗುಂಪು ಕೊಡುತ್ತೇವೆ ಎಂದಿದ್ದಾರೆ. ನಾನು ಗಿಡ್ಡ. ಎತ್ತರದ ಬಾರ್ 250 ಸೆಂ.ಮೀ., ಸಪೋರ್ಟ್‌ಗೆ ಕೈ ಎಟುಕುವುದಿಲ್ಲ. ಗಿಡ್ಡ ಇರುವವರು ಏನು ಮಾಡುತ್ತೀರಿ?

ಚಾಕ್ ಕೈ:
ಅಗಲವಾದ, ಗಟ್ಟಿ ಫೋಮ್ ಬ್ಲಾಕ್ ಮೇಲೆ ನಿಲ್ಲಿ. ಕುರ್ಚಿ, ಸ್ಟೂಲ್ ಬೇಡ. ಬ್ಲಾಕ್ ಬಾರ್‌ನ ಪಕ್ಕಕ್ಕಿರಲಿ, ಮಗು ತೂಗುವ ದಾರಿಗೆ ಬರಬಾರದು. ಮೊದಲು ಮಗು ಇಲ್ಲದೆ ಅದರ ಮೇಲೆ ನಿಂತು, ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟು, ಹಾರಿ ಇಳಿದು ಅಭ್ಯಾಸ ಮಾಡಿ. ಶಿಬಿರಕ್ಕೆ ಬರುವ ಹೊಸ ಮಕ್ಕಳಿಗೆ ಎತ್ತರದ ಬಾರ್ ಬೇಕಾಗುವುದೇ ಅಪರೂಪ. ನಿಮ್ಮ ಎದೆಯೆತ್ತರದ ಒಂಟಿ ಬಾರ್ ಸಿಗುತ್ತದಾ ಎಂದು ಈಗಲೇ ಕೇಳಿಡಿ.

ಇಪ್ಪತ್ತು ಬೇಸಿಗೆ:
ತಂಗಿ, ಗಂಟಲಿಗೆ ಒಂದು ವಾರ ವಿಶ್ರಾಂತಿ ಕೊಡು. ಮತ್ತೆ, ಆ ಹತ್ತಕ್ಕೆ ಏಳರ ಹುಡುಗಿಯ ಕೋಚ್ ಯಾರು ಎಂದು ವಿಚಾರಿಸಿ, ಎಲ್ಲಿಯವರೆಗೆ ಬಂದಿದ್ದಾಳೆ ಎಂದು ಬರೆದು ಕಳಿಸು. ಇಲ್ಲದಿದ್ದರೆ ಅವರು ಮೊದಲಿಂದ ಶುರು ಮಾಡುತ್ತಾರೆ, ಇಲ್ಲವೇ ಪೂರ್ತಿ ಬರುತ್ತದೆ ಅಂದುಕೊಂಡು ಕೈ ಬಿಡುತ್ತಾರೆ.

ಮೊದಲ ಬೇಸಿಗೆ:
ಇದು ಹೊಳೆದೇ ಇರಲಿಲ್ಲ ಅಕ್ಕ. ಇವತ್ತೇ ಬರೆಯುತ್ತೇನೆ.